ಮರೆವಿನ ಕಾಯಿಲೆಯ ಮೊದಲ ಹಂತ: ನಮ್ಮ ಮನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪದೇ ಪದೇ ಕೇಳುವ ಪ್ರಶ್ನೆಗಳು ನಮ್ಮ ಮನೆಯಲ್ಲಿ ಎರಡು ಬಗೆ. ಓಣಿಯವರು, ನೆಂಟರು, ಔಷಧ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತವರು ನನ್ನನ್ನು ಕೇಳುವವು ಒಂದು ಬಗೆ. ಇವರು, ಅಂದರೆ ನಮ್ಮ ಯಜಮಾನರು, ಕೇಳುವವು ಇನ್ನೊಂದು ಬಗೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿ ನೀರು ನಿಲ್ಲಿಸಿದರು. ಊರೆಲ್ಲ ಅದನ್ನು ಮರೆತು ಬೇರೆ ಸುದ್ದಿಗೆ ಹೋದರೂ ಇವರು ದೀಪಾವಳಿಯವರೆಗೆ ದಿನಾ ಬೆಳಿಗ್ಗೆ ಚಹಾ ಹಿಡಿದುಕೊಂಡು, ‘ಗೇಟು ಕೂಡಿಸಿದರೇನು?’ ಎಂದು ಕೇಳುತ್ತಿದ್ದರು. ಎಡದಂಡೆ ಕಾಲುವೆಯ ಮೇಲೆ ಮೂವತ್ತೆರಡು ವರ್ಷ ದುಡಿದ ಮನುಷ್ಯರಿಗೆ ಡ್ಯಾಮಿನ ಚಿಂತೆ ಇರುವುದು ಸಹಜ ಎಂದುಕೊಂಡೆವು. ಆ ವರ್ಷದ ಕೊನೆಗೆ ವೈದ್ಯರು ಹೇಳಿದರು: ಅಲ್ಝೈಮರ್, ಮೊದಲ ಹಂತ.

ನಾನು ವೈದ್ಯೆಯಲ್ಲ, ಕೊಪ್ಪಳದಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಕೇಳಿ, ಓದಿ, ಬಾಳಿ ತಿಳಿದುಕೊಂಡದ್ದನ್ನು ಬರೆದಿದ್ದೇನೆ. ಬರೆದದ್ದೆಲ್ಲವನ್ನೂ ಇವರಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿದರು. ಒಂದು, ನಾನು ‘ರೋಗಿ’ ಎಂದು ಬರೆದಲ್ಲೆಲ್ಲ ಅದನ್ನು ಹೊಡೆದುಹಾಕಿಸಿದರು. ಇನ್ನೊಂದು ಮುಂದೆ ಗಾಡಿಯ ವಿಷಯದಲ್ಲಿ ಬರುತ್ತದೆ.

ಅರವತ್ತಕ್ಕೆ ಅರಳು ಮರಳು ಎಂದು ಗಾದೆಯೇ ಇದೆಯಲ್ಲ. ಇದೂ ಅದೇ ಅಲ್ಲವೇ?

ಈ ಗಾದೆಯ ಮೇಲೆ ನನಗೆ ಸಿಟ್ಟಿದೆ. ನಮ್ಮದು ಒಂದು ವರ್ಷ ಅದರಿಂದಲೇ ಹಾಳಾಯಿತು.

ವಯಸ್ಸಾದಂತೆ ನೆನಪು ನಿಧಾನವಾಗುತ್ತದೆ, ನಿಜ. ಸಂತೆಯಲ್ಲಿ ಸಿಕ್ಕವರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ರಾತ್ರಿ ಮಲಗಿದಾಗ ತಾನಾಗಿ ನೆನಪಾಗುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತೇವೆ, ಹಿಂದಿನ ಹೆಜ್ಜೆ ನೆನಪಿಸಿಕೊಂಡು ಕಂಡುಹಿಡಿಯುತ್ತೇವೆ. ಕಾಯಿಲೆಯ ಮರೆವಿನ ರೀತಿ ಬೇರೆ. ಸಂತೆಗೆ ಹೋಗಿ ಬಂದದ್ದೇ ನೆನಪಿರುವುದಿಲ್ಲ. ನೆನಪು ಮಾಡಿಕೊಟ್ಟರೂ ‘ಹೌದಲ್ಲ’ ಎನ್ನುವುದಿಲ್ಲ. ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಗುತ್ತದೆ. ಮೂವತ್ತು ವರ್ಷ ಲೆಕ್ಕ ಬರೆದ ಕೈ ಕಿರಾಣಿ ಚೀಟಿಯ ಕೂಡಿಕೆಯಲ್ಲಿ ನಿಲ್ಲುತ್ತದೆ. ಮಾತಿನ ಮಧ್ಯೆ ಪದ ಸಿಗದೆ ‘ಅದು, ಆ ಇದು’ ಎನ್ನುವುದು ಹೆಚ್ಚುತ್ತದೆ. ದಿನಾ ನಡೆದ ದಾರಿಯ ತಿರುವಿನಲ್ಲಿ ಗೊಂದಲ. ಮೊದಲು ಮುಂದೆ ನಿಂತು ಮದುವೆ ಮಾಡಿಸುತ್ತಿದ್ದವರು ಮೂಲೆಯಲ್ಲಿ ಕುಳಿತುಕೊಳ್ಳುತ್ತಾರೆ. ಇಂಥವು ಆರೇಳು ತಿಂಗಳಿಂದ ಹೆಚ್ಚುತ್ತಾ ಬಂದಿದ್ದರೆ ತೋರಿಸಬೇಕು.

ಇನ್ನೊಂದು ಲೆಕ್ಕ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ, ಅಂದರೆ 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿತು. ಉಳಿದ ತೊಂಬತ್ತೆರಡು ಮಂದಿಗೆ ಇಲ್ಲ. ಅರಳು ಮರಳು ವಯಸ್ಸಿನ ಗುಣವೇ ಆಗಿದ್ದರೆ ಎಲ್ಲರಿಗೂ ಬರಬೇಕಿತ್ತು.

ಡಿಮೆನ್ಶಿಯಾ, ಅಲ್ಝೈಮರ್ ಎರಡೂ ಒಂದೆಯೇ?

ಜ್ವರ ಮತ್ತು ಟೈಫಾಯ್ಡ್ ಇದ್ದ ಹಾಗೆ. ಡಿಮೆನ್ಶಿಯಾ ಎನ್ನುವುದು ಲಕ್ಷಣಗಳ ಗುಂಪಿಗೆ ಹೆಸರು. ಅದನ್ನು ತರುವ ಕಾಯಿಲೆಗಳಲ್ಲಿ ದೊಡ್ಡದು ಅಲ್ಝೈಮರ್. ನೂರರಲ್ಲಿ 60ರಿಂದ 70 ಮಂದಿಗೆ ಅದೇ ಕಾರಣ. ರಕ್ತನಾಳ ಕಟ್ಟಿಕೊಂಡು, ಸಣ್ಣ ಸಣ್ಣ ಪಾರ್ಶ್ವವಾಯುಗಳಾಗಿ ಬರುವುದೂ ಉಂಟು. ಎರಡೂ ಕೂಡಿ ಇರುವುದೂ ಉಂಟು.

ಪತ್ರಿಕೆಗಳಲ್ಲಿ ಇದಕ್ಕೆ ‘ಬುದ್ಧಿಮಾಂದ್ಯತೆ’ ಎಂದು ಬರೆಯುತ್ತಾರೆ. ಕನ್ನಡ ಶಿಕ್ಷಕಿಯಾಗಿ ನನ್ನ ತಕರಾರಿದೆ. ಆ ಪದವನ್ನು ಹುಟ್ಟಿನಿಂದ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಬಳಸಿ ಸವೆಸಿದ್ದೇವೆ. ಕೇಳಿದವರು ತಪ್ಪು ತಿಳಿಯುತ್ತಾರೆ. ನಾವು ಮನೆಯಲ್ಲಿ ಮರೆವಿನ ಕಾಯಿಲೆ ಎನ್ನುತ್ತೇವೆ. ಎದುರಿನ ಮನೆಯ ಅಜ್ಜಿಗೂ ಅರ್ಥವಾಗುತ್ತದೆ.

ತಲೆಯೊಳಗೆ ಆಗುವುದಾದರೂ ಏನು?

1906ರಲ್ಲಿ ಅಲೋಯಿಸ್ ಅಲ್ಝೈಮರ್ ಎಂಬ ಜರ್ಮನ್ ವೈದ್ಯರು, ತಾವು ನೋಡಿಕೊಂಡಿದ್ದ ಹೆಂಗಸೊಬ್ಬರು ತೀರಿಕೊಂಡ ಮೇಲೆ ಅವರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಎರಡು ವಸ್ತುಗಳನ್ನು ಕಂಡರು. ನರಕೋಶಗಳ ನಡುವೆ ಹರಳುಗಟ್ಟಿದಂಥ ಗಂಟುಗಳು, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು. ಮೊದಲನೆಯದು ಅಮಿಲಾಯ್ಡ್, ಎರಡನೆಯದು ಟೌ ಎಂಬ ಪ್ರೋಟೀನು ಎಂದು ಮುಂದೆ ತಿಳಿಯಿತು. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಸಾಮಾನ್ಯವಾಗಿ ಬೇಗ ಪೆಟ್ಟು ಬೀಳುತ್ತದೆ. ಹಾಗಾಗಿ ಮದುವೆಯ ದಿನದ ಊಟ ನೆನಪಿರುತ್ತದೆ, ಬೆಳಗಿನ ಉಪ್ಪಿಟ್ಟು ನೆನಪಿರುವುದಿಲ್ಲ.

ಇದನ್ನು ನಾನು ಓದಿ ಹೇಳಿದಾಗ ಇವರು ತಮ್ಮ ಭಾಷೆಯಲ್ಲಿ ಹೇಳಿದರು: ‘ಕಾಲುವೆಯ ಮೇಲ್ಭಾಗದ ಹೊಲಕ್ಕೆ ನೀರು ಹತ್ತುತ್ತದೆ, ಕೊನೆಯ ಭಾಗಕ್ಕೆ ಮುಟ್ಟುವುದಿಲ್ಲ. ನನ್ನ ಹಳೆಯ ನೆನಪೆಲ್ಲ ಗಂಗಾವತಿ, ನಿನ್ನೆಯದು ಮಾನ್ವಿ.’ ಕಾಲುವೆಯ ಕೊನೆಯ ರೈತರ ಪಾಡು ಗೊತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಯಾರಿಗೆ ತೋರಿಸಬೇಕು? ಬೆಂಗಳೂರಿಗೇ ಹೋಗಬೇಕೇ?

ಮೊದಲ ತಪಾಸಣೆಗೆ ಬೇಕಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಅಲ್ಲಿ ಮನೋವೈದ್ಯರಿದ್ದಾರೆ. ನರರೋಗ ತಜ್ಞರು ಇದ್ದರೆ ಅವರನ್ನೂ ಕಾಣಬಹುದು. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ಆರಂಭಿಸಿದೆ. ನಿಮ್ಮ ಜಿಲ್ಲೆಯಲ್ಲಿ ಅದು ಯಾವ ವಾರ, ಯಾವ ಕೋಣೆಯಲ್ಲಿ ಎಂದು ಚೀಟಿ ಮಾಡಿಸುವಾಗಲೇ ಕೇಳಿ. ಮನೋವೈದ್ಯರೆಂದರೆ ‘ಹುಚ್ಚಿನ ಡಾಕ್ಟರ್’ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ನಾವೇ ಹಿಂಜರಿದರೆ ಹೇಗೆ?

ಹೋಗಲಾಗದವರು 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ನಮ್ಮ ಅವ್ವ ಶಾಲೆಯ ಮುಖ ನೋಡಿದವಳಲ್ಲ. ಪರೀಕ್ಷೆಯಲ್ಲಿ ಅಕ್ಷರ ಕೇಳಿದರೆ ಏನು ಮಾಡುವುದು?

ಒಳ್ಳೆಯ ಪ್ರಶ್ನೆ, ನಮ್ಮ ಮೂರು ಜಿಲ್ಲೆಗಳಿಗೆ ಅಗತ್ಯದ್ದು. ಓದಿದವರಿಗಾಗಿ ಮಾಡಿದ ಪರೀಕ್ಷೆಯನ್ನು ಓದದವರಿಗೆ ಕೊಟ್ಟರೆ ಕಾಯಿಲೆ ಇಲ್ಲದವರೂ ಅನುತ್ತೀರ್ಣರಾಗುತ್ತಾರೆ. ಅಕ್ಷರ ಬಾರದವರಿಗೆ ಹೊಂದುವ ಪರೀಕ್ಷೆಗಳು ಬೇರೆ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷಾಗುಚ್ಛ ಸಿದ್ಧಪಡಿಸಿದೆ. ‘ಅವ್ವ ಓದಿಲ್ಲ’ ಎಂದು ಮೊದಲೇ ಹೇಳಿಬಿಡಿ. ಜೊತೆಗೆ, ಅವ್ವ ಮೊದಲು ಏನೆಲ್ಲ ಮಾಡುತ್ತಿದ್ದಳು ಎಂಬುದನ್ನು ಹೇಳಿ: ಆಳುಗಳ ಪಗಾರ ಬಾಯಿಲೆಕ್ಕದಲ್ಲಿ ಕೊಡುತ್ತಿದ್ದಳು, ಈಗ ತಪ್ಪುತ್ತಾಳೆ, ಅಮಾವಾಸ್ಯೆ ಯಾವಾಗ ಎಂದು ಪಂಚಾಂಗ ನೋಡದೆ ಹೇಳುತ್ತಿದ್ದಳು, ಈಗ ವಾರವೂ ಗೊತ್ತಾಗುವುದಿಲ್ಲ. ವೈದ್ಯರಿಗೆ ಇವು ಅಂಕಗಳಿಗಿಂತ ಹೆಚ್ಚು ಹೇಳುತ್ತವೆ.

ಸ್ಕ್ಯಾನ್ ಮಾಡಿಸಿದರೆ ಅಲ್ಝೈಮರ್ ಎಂದು ಬರೆದು ಬರುವುದಿಲ್ಲ. ಮೆದುಳು ಎಲ್ಲಿ ಕುಗ್ಗಿದೆ, ಗಡ್ಡೆಯೋ ರಕ್ತಸ್ರಾವವೋ ಇದೆಯೇ ಎಂಬುದು ತಿಳಿಯುತ್ತದೆ. ಎಲ್ಲವನ್ನೂ ಕೂಡಿಸಿ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ.

ಮರೆವಿಗೆ ಬೇರೆ ಕಾರಣ ಇರಬಹುದಲ್ಲವೇ?

ಖಂಡಿತ, ಮತ್ತು ಅವುಗಳಲ್ಲಿ ಕೆಲವು ಗುಣವಾಗುವಂಥವು. ಮುಖ್ಯವಾಗಿ ಬಿ12 ಜೀವಸತ್ವದ ಕೊರತೆ. ಮಾಂಸ ಮುಟ್ಟದ ಮನೆಗಳಲ್ಲಿ, ಅದರಲ್ಲೂ ಹಾಲು ಮೊಸರೂ ಕಡಿಮೆಯಾದ ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಇದು ಹೆಚ್ಚು. ಥೈರಾಯ್ಡ್, ರಕ್ತದಲ್ಲಿ ಸೋಡಿಯಂ ಇಳಿಯುವುದು, ಖಿನ್ನತೆ, ಎಂದೋ ಬಿದ್ದು ತಲೆಯೊಳಗೆ ನಿಧಾನವಾಗಿ ಕೂಡಿದ ರಕ್ತ, ಕಿವಿ ಕೇಳದಿರುವುದು ಇವೂ ಮರೆವಿನ ವೇಷ ಹಾಕಿಕೊಂಡು ಬರುತ್ತವೆ. ನಿದ್ದೆ ಗುಳಿಗೆ, ನೆಗಡಿ ಗುಳಿಗೆ ಕೂಡ ತಲೆ ಮಂಕು ಮಾಡುತ್ತವೆ. ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ, ಸಿರಪ್‌ಗಳನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ.

ಎರಡನೆಯ ಎಚ್ಚರ ನಮ್ಮ ಬಿಸಿಲಿನದು. ಅಲ್ಝೈಮರ್ ಒಂದು ರಾತ್ರಿಯಲ್ಲಿ ಕೆಡುವ ಕಾಯಿಲೆಯಲ್ಲ. ನಿನ್ನೆ ಮಾತಾಡುತ್ತಿದ್ದವರು ಇಂದು ಯಾರನ್ನೂ ಗುರುತಿಸದೆ ಬಡಬಡಿಸಿದರೆ ‘ಕಾಯಿಲೆ ಹೆಚ್ಚಾಯಿತು’ ಎಂದು ಸುಮ್ಮನಾಗಬೇಡಿ. ನೀರು ಕಡಿಮೆಯಾಗಿರಬಹುದು, ಮೂತ್ರದ ಸೋಂಕಿರಬಹುದು, ಶ್ವಾಸಕೋಶದ ಸೋಂಕಿರಬಹುದು, ಪಾರ್ಶ್ವವಾಯು ಆಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ಎಂದರೆ ನಲವತ್ತು ಡಿಗ್ರಿ ದಾಟುವ ತಿಂಗಳುಗಳು, ಮರೆವು ಇರುವವರಿಗೆ ನೀರಡಿಕೆಯೂ ಮರೆಯುತ್ತದೆ. ನಮ್ಮಲ್ಲಿ ಒಂದು ತಂಬಿಗೆ ಮಜ್ಜಿಗೆಯನ್ನು ಹನ್ನೊಂದಕ್ಕೆ, ಇನ್ನೊಂದನ್ನು ಮೂರಕ್ಕೆ ಇವರ ಕಣ್ಣೆದುರಿಗೇ ಇಡುತ್ತೇನೆ.

ಗುಣವಾಗುವ ಗುಳಿಗೆ ಇದೆಯೇ?

ಗುಣ ಮಾಡುವುದು ಇಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಎಂಬ ಮೂರು ಔಷಧಗಳು ಕೆಲವರಿಗೆ ಕೆಲವು ಕಾಲ ನೆನಪು ಮತ್ತು ದಿನದ ಕೆಲಸಗಳನ್ನು ತುಸು ಹಿಡಿದು ನಿಲ್ಲಿಸುತ್ತವೆ. ಮೆಮಾಂಟಿನ್ ಎಂಬುದು ಮುಂದಿನ ಹಂತಗಳಿಗೆ. ಇವರಿಗೆ ಡೊನೆಪೆಜಿಲ್ ಕೊಟ್ಟರು, ಸಣ್ಣ ಪ್ರಮಾಣದಿಂದ ಆರಂಭಿಸಿ. ಮೊದಲ ಎರಡು ವಾರ ಹೊಟ್ಟೆ ತೊಳಸುತ್ತಿತ್ತು, ರಾತ್ರಿ ವಿಚಿತ್ರ ಕನಸು. ವೈದ್ಯರು ಗುಳಿಗೆಯ ವೇಳೆಯನ್ನು ಬೆಳಿಗ್ಗೆಗೆ ಬದಲಿಸಿದ ಮೇಲೆ ಸರಿಹೋಯಿತು. ನಾಡಿ ನಿಧಾನವಾಗುವ ಗುಣವೂ ಇದಕ್ಕಿದೆ. ಹೃದಯದ ತೊಂದರೆ ಇದ್ದರೆ, ತಲೆಸುತ್ತು ಬಂದು ಬಿದ್ದರೆ ತಪ್ಪದೆ ಹೇಳಿ. ಅಗ್ಗದ ಜನೌಷಧಿ ಗುಳಿಗೆ ಸಿಗುವುದೇ ಎಂದು ವೈದ್ಯರನ್ನೇ ಕೇಳಿ, ನಾಚಿಕೆ ಬೇಡ.

ಅಮೆರಿಕದಲ್ಲಿ 2023ರಲ್ಲಿ ಲೆಕನೆಮಾಬ್, 2024ರಲ್ಲಿ ಡೊನಾನೆಮಾಬ್ ಎಂಬ ಹೊಸ ಔಷಧಗಳಿಗೆ ಪೂರ್ಣ ಒಪ್ಪಿಗೆ ಸಿಕ್ಕಿತು. ಅವು ಅಮಿಲಾಯ್ಡನ್ನು ತೆಗೆಯುತ್ತವೆ, ಮೊದಲ ಹಂತದವರಿಗೆ ಮಾತ್ರ, ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವಂಥವು. ಕಾಯಿಲೆಯ ವೇಗ ಸ್ವಲ್ಪ ತಗ್ಗುತ್ತದೆ, ನಿಲ್ಲುವುದಿಲ್ಲ. ಮೆದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವಿರುವುದರಿಂದ ಮೇಲಿಂದ ಮೇಲೆ ಎಂಆರ್‌ಐ ಬೇಕು. ಮಗ ಮೊಬೈಲಿನಲ್ಲಿ ಕಳಿಸಿದ ಸುದ್ದಿ ನೋಡಿ ಹೊಲ ಮಾರಲು ಹೊರಡಬೇಡಿ.

ಒಂದೆಲಗ? ಬಾದಾಮಿ? ತಾಯತ?

ಒಂದೆಲಗದ ಚಟ್ನಿ ರುಚಿಯಾಗಿರುತ್ತದೆ, ಮಾಡಿ ತಿನ್ನಿ. ಅದು ಈ ಕಾಯಿಲೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಚೂರ್ಣ, ಕಷಾಯ ತೆಗೆದುಕೊಳ್ಳುವುದಾದರೆ ವೈದ್ಯರಿಗೆ ತಿಳಿಸಿಯೇ. ನಮ್ಮ ಅತ್ತೆಯವರ ಕಡೆಯವರು ಯಾರೋ ಮಾಟ ಮಾಡಿಸಿದ್ದಾರೆ ಎಂದು ತಾಯತ ತಂದು ಕಟ್ಟಿದರು. ಕಟ್ಟಿಸಿಕೊಂಡೆವು, ಜಗಳ ಮಾಡಲಿಲ್ಲ. ಗುಳಿಗೆ ಬಿಡಬೇಕು ಎಂದಾಗ ಮಾತ್ರ ಬಾಗಿಲು ತೋರಿಸಿದೆ.

ಕಾಯಿಲೆಯ ಹೆಸರನ್ನು ಅವರಿಗೇ ಹೇಳಬೇಕೇ? ಧೈರ್ಯ ಕುಂದುವುದಿಲ್ಲವೇ?

ಮಕ್ಕಳು ಬೇಡ ಎಂದರು. ‘ಅಪ್ಪನಿಗೆ ಯಾಕೆ ಹೇಳುತ್ತೀಯವ್ವ, ಸುಮ್ಮನೆ ಶಕ್ತಿ ಗುಳಿಗೆ ಎನ್ನೋಣ.’ ನಾನೂ ನಾಲ್ಕು ದಿನ ಹಾಗೆಯೇ ನಡೆಸಿದೆ. ಐದನೆಯ ದಿನ ಇವರು ಗುಳಿಗೆಯ ಪಟ್ಟಿ ಹಿಡಿದು, ‘ನೀನು ನನಗೆ ಸುಳ್ಳು ಹೇಳುತ್ತಿರುವುದನ್ನೂ ಮರೆಯುತ್ತೇನೆ ಎಂದುಕೊಂಡೆಯಾ?’ ಎಂದರು. ಅಂದೇ ಹೇಳಿದೆ.

ಇವರಿಗೆ ಆಗಲೇ ಗೊತ್ತಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ. ತನ್ನ ತಲೆಯಲ್ಲಿ ಏನೋ ಜಾರುತ್ತಿದೆ ಎಂದು ಮೊದಲು ತಿಳಿಯುವುದು ಆ ಮನುಷ್ಯನಿಗೇ. ಮುಚ್ಚಿಟ್ಟರೆ ಆ ಭಯದಲ್ಲಿ ಒಬ್ಬರೇ ಉಳಿಯುತ್ತಾರೆ. ಅದಕ್ಕಿಂತ ದೊಡ್ಡ ಕಾರಣ: ಆಸ್ತಿ ಯಾರಿಗೆ, ಮುಂದೆ ಯಾರ ಮನೆಯಲ್ಲಿ ಇರುವುದು, ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಅವರೇ ಹೇಳಬಲ್ಲ ಕಾಲ ಈ ಮೊದಲ ಹಂತ ಮಾತ್ರ. ಅದನ್ನು ನಾವು ಕಸಿಯಬಾರದು. ಒಂದೇ ಸಲಕ್ಕೆ ಎಲ್ಲ ಹೇಳಬೇಕಿಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಡಿ. ಬೇಡ ಎಂದವರಿಗೆ ತುರುಕಬೇಡಿ.

ಹೇಳಿದ ಮೇಲೆ ಕೆಲವರು ಕುಗ್ಗುವುದು ನಿಜ. ಊಟ, ನಿದ್ದೆ ಬಿಟ್ಟು, ಸತ್ತರೆ ಸಾಕು ಎನ್ನತೊಡಗಿದರೆ ಅದು ಖಿನ್ನತೆ, ಅದಕ್ಕೆ ಚಿಕಿತ್ಸೆ ಇದೆ. ವೈದ್ಯರಿಗೆ ಹೇಳಿ, ಇಲ್ಲವೇ ಮೇಲೆ ಕೊಟ್ಟ 14416ಕ್ಕೆ ಕರೆ ಮಾಡಿ.

ಓಣಿಯವರಿಗೆ? ನಾವು ಐದು ಜನಕ್ಕೆ ಹೇಳಿದೆವು: ಕಿರಾಣಿ ಅಂಗಡಿಯವರು, ಕ್ಷೌರದ ಅಂಗಡಿಯವರು, ಮೂಲೆಯ ಆಟೋ ನಿಲ್ದಾಣದ ಹುಡುಗ, ಔಷಧ ಅಂಗಡಿ, ಪಕ್ಕದ ಮನೆ. ಆರನೆಯವರಿಗೆ ಹೇಳುವ ಪ್ರಸಂಗವೇ ಬರಲಿಲ್ಲ, ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು.

ದಿನ ಹೇಗೆ ಕಳೆಯಬೇಕು?

ನಿನ್ನೆಯ ಹಾಗೆ. ಏಳುವ ವೇಳೆ, ಸ್ನಾನ, ನಡಿಗೆ, ಊಟ ಒಂದೇ ಕ್ರಮದಲ್ಲಿ ಬಂದರೆ ನೆನಪಿನ ಮೇಲೆ ಭಾರ ಬೀಳುವುದಿಲ್ಲ, ರೂಢಿಯೇ ಕೈಹಿಡಿದು ನಡೆಸುತ್ತದೆ. ಕಷ್ಟದ ಕೆಲಸ, ಬ್ಯಾಂಕು, ಆಸ್ಪತ್ರೆ ಎಲ್ಲ ಬೆಳಿಗ್ಗೆ. ಸಂಜೆಗೆ ಗೊಂದಲ ಹೆಚ್ಚು.

ಇವರ ಅಂಗಿಯ ಕಿಸೆಯಲ್ಲಿ ಒಂದು ಪುಸ್ತಕವಿದೆ. ಕಾಲುವೆಯ ನೀರಿನ ಮಟ್ಟ ಬರೆದಿಡುವ ಗೇಜ್ ಪುಸ್ತಕದಂತೆ ತಾವೇ ಗೆರೆ ಎಳೆದು ಕಲಂ ಮಾಡಿಕೊಂಡಿದ್ದಾರೆ: ವೇಳೆ, ಕೆಲಸ, ಷರಾ. ‘8.10, ಗುಳಿಗೆ, ಆಯಿತು.’ ‘10.30, ಮಗಳ ಫೋನ್, ಮೊಮ್ಮಗನಿಗೆ ಹಲ್ಲು ಬಂದಿದೆ.’ ಸಂಜೆ ಮಗಳು ಮತ್ತೆ ಫೋನ್ ಮಾಡಿದರೆ ಷರಾ ನೋಡಿ, ‘ಹಲ್ಲು ಎಷ್ಟು ಬಂದವು?’ ಎನ್ನುತ್ತಾರೆ. ಮಗಳಿಗೆ ಈ ಗುಟ್ಟು ಬಹಳ ದಿನ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ ನೆನಪಿನ ಆಟಗಳಿಗಿಂತ ಇದು ಇವರಿಗೆ ಒಗ್ಗಿತು, ಯಾಕೆಂದರೆ ಮೂವತ್ತೆರಡು ವರ್ಷದ ಕೈ ಅಭ್ಯಾಸ ಅದರಲ್ಲಿದೆ. ನಿಮ್ಮವರ ಕೈಗೆ ಯಾವ ಅಭ್ಯಾಸವಿದೆ ಎಂದು ಹುಡುಕಿ. ಓದು ಬಾರದ ಹೆಂಗಸರು ಸೆರಗಿಗೆ ಗಂಟು ಹಾಕಿಕೊಂಡು ಕೆಲಸ ನೆನಪಿಡುವುದನ್ನು ನೋಡಿಲ್ಲವೇ? ಅದೇ ಗಂಟನ್ನು ಮುಂದುವರಿಸಬಹುದು, ಏನಿದು ಎಂದು ನೀವು ನೆನಪು ಮಾಡಿಕೊಟ್ಟರಾಯಿತು. ಬಚ್ಚಲುಮನೆಯ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿ. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರನ್ನು ಅವರ ಕೈಯಿಂದಲೇ ಹರಿಸಿ.

ಕೆಲಸ ಕಿತ್ತುಕೊಳ್ಳಬೇಡಿ. ನಮ್ಮ ಬೀಗರ ಊರಿನಲ್ಲಿ ಒಬ್ಬ ಅಜ್ಜಿಯನ್ನು, ಒಮ್ಮೆ ಒಲೆ ಆರಿಸಲು ಮರೆತರೆಂದು, ಅಡುಗೆಮನೆಯಿಂದಲೇ ಹೊರಗಿಟ್ಟರು. ಐವತ್ತು ವರ್ಷ ರೊಟ್ಟಿ ಬಡಿದ ಕೈ ಸುಮ್ಮನೆ ಕುಳಿತು ಸೆರಗಿನ ಅಂಚು ಹೊಸೆಯತೊಡಗಿತು. ಸೊಸೆ ಜಾಣೆ. ಗ್ಯಾಸ್ ತಾನು ನೋಡಿಕೊಂಡು ಹಿಟ್ಟು ನಾದುವುದು, ರೊಟ್ಟಿ ಬಡಿಯುವುದನ್ನು ಅಜ್ಜಿಗೆ ವಾಪಸು ಕೊಟ್ಟಳು. ಉಪ್ಪು ಹಾಕಿದ್ದಾರೋ ಇಲ್ಲವೋ ಎಂಬುದೊಂದೇ ತಕರಾರು. ಅದಕ್ಕೆ ಶೇಂಗಾ ಚಟ್ನಿ ಇದೆ.

ನಡಿಗೆ, ಬಿಪಿ ಸಕ್ಕರೆ ಹತೋಟಿ, ಕಣ್ಣಿನ ಪೊರೆ ತೆಗೆಸುವುದು, ಕಿವಿಯ ಯಂತ್ರ, ತಂಬಾಕು ಬಿಡುವುದು ಇವೆಲ್ಲ ನಿಮಗೆ ಗೊತ್ತಿರುವವೇ. ಗೊತ್ತಿದ್ದೂ ಬಿಡುವಂಥದು ಒಂದು: ಜನ. ಭಜನೆಗೆ ಹೋಗುತ್ತಿದ್ದವರನ್ನು ‘ಪದ ತಪ್ಪಿದರೆ ನಗುತ್ತಾರೆ’ ಎಂದು ಮನೆಯಲ್ಲಿ ಕೂಡಿಸಬೇಡಿ. ಮಾತು ಮರೆತವರಿಗೂ ಹಾಡು ನೆನಪಿರುತ್ತದೆ. ಇವರು ತತ್ವಪದ ಹಾಡುವಾಗ ಒಂದು ಸಾಲೂ ತಪ್ಪುವುದಿಲ್ಲ.

ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ?

ಹತ್ತು ಸಲ ಉತ್ತರ ಕೊಡಿ. ಸುಲಭವಲ್ಲ, ಗೊತ್ತು. ‘ಈಗಷ್ಟೇ ಹೇಳಿದೆನಲ್ಲ’ ಎಂಬ ಮಾತಿನಿಂದ ಅವರಿಗೆ ಉತ್ತರ ಸಿಗುವುದಿಲ್ಲ, ಅವಮಾನ ಮಾತ್ರ ಉಳಿಯುತ್ತದೆ. ಪ್ರಶ್ನೆ ಮರೆತರೂ ಅವಮಾನ ಮರೆಯುವುದಿಲ್ಲ, ಅದು ಈ ಕಾಯಿಲೆಯ ವಿಚಿತ್ರ. ಪ್ರಶ್ನೆಯ ಹಿಂದಿನ ಚಿಂತೆ ಯಾವುದು ಎಂದು ನೋಡಿ. ‘ಗೇಟು ಕೂಡಿಸಿದರೇನು’ ಎಂದಾಗ ‘ಕೂಡಿಸಿದರು’ ಎಂದಷ್ಟೇ ಹೇಳಿದರೆ ಇವರಿಗೆ ಸಮಾಧಾನವಾಗುತ್ತಿರಲಿಲ್ಲ. ‘ಕೂಡಿಸಿದರು, ಡ್ಯಾಂ ಮತ್ತೆ ತುಂಬಿತು, ರೈತರಿಗೆ ನೀರಿದೆ’ ಎಂದರೆ ಅಂದಿನ ಮಟ್ಟಿಗೆ ಮುಗಿಯುತ್ತಿತ್ತು. ಕೊನೆಗೆ ಅದನ್ನೇ ಪುಸ್ತಕದ ಮೊದಲ ಪುಟದಲ್ಲಿ ಬರೆಸಿದೆ.

‘ಸೊಸೆ ದುಡ್ಡು ಕದ್ದಳು’ ಎನ್ನುತ್ತಾರೆ. ಮನೆ ಒಡೆಯುವ ಹಾಗಾಗಿದೆ.

ಇಟ್ಟ ಜಾಗ ಮರೆತು, ಇಟ್ಟದ್ದನ್ನೂ ಮರೆತಾಗ ಉಳಿಯುವ ತರ್ಕ ಒಂದೇ: ಯಾರೋ ತೆಗೆದರು. ಹತ್ತಿರ ಇರುವವರ ಮೇಲೆಯೇ ಅದು ಬೀಳುತ್ತದೆ, ಅಂದರೆ ಹೆಚ್ಚು ನೋಡಿಕೊಳ್ಳುವವರ ಮೇಲೆ. ವಾದ ಬೇಡ, ಕೂಡಿ ಹುಡುಕಿ. ಸಿಕ್ಕಾಗ ‘ನೋಡಿದೆಯಾ’ ಎನ್ನಬೇಡಿ. ಸಣ್ಣ ನೋಟುಗಳ ಒಂದು ಚೀಲ ಸದಾ ಅವರ ಬಳಿ ಇರಲಿ. ಗಂಡಂದಿರಿಗೆ ಒಂದು ಮಾತು: ನಿಮ್ಮ ಹೆಂಡತಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಕಾಯಿಲೆಯ ಪಾಠವಲ್ಲ, ‘ನೀನು ಕದ್ದಿಲ್ಲ ಎಂದು ನನಗೆ ಗೊತ್ತು’ ಎಂಬ ಮಾತು. (ಮೊದಲು ಸೊಸೆ ನಿಜವಾಗಿಯೂ ತೆಗೆದಿಲ್ಲವೇ ಎಂದೂ ನೋಡಿ. ಮರೆವಿನವರನ್ನು ದೋಚುವವರು ಮನೆಯೊಳಗೂ ಇರುತ್ತಾರೆ.)

ಗಾಡಿ ಓಡಿಸಬಹುದೇ?

ಮೊದಲ ಹಂತದಲ್ಲಿ ಕೆಲವರು ಓಡಿಸುತ್ತಾರೆ. ಗೊತ್ತಿರುವ ದಾರಿಯಲ್ಲಿ ತಪ್ಪುವುದು, ಗಾಡಿಗೆ ಹೊಸ ಗೀರುಗಳು, ಬ್ರೇಕ್ ಹಿಡಿಯಲು ತಡ, ಹಿಂದೆ ಕೂತವರಿಗೆ ಹೆದರಿಕೆ ಇವು ಕಂಡರೆ ನಿಲ್ಲಿಸಬೇಕು, ವೈದ್ಯರ ಬಾಯಿಂದ ಹೇಳಿಸಿದರೆ ಜಗಳ ಕಡಿಮೆ. ನಾನು ಮೊದಲು ಇಲ್ಲಿ ‘ಇವರ ಬೈಕನ್ನು ತೆಗೆದುಕೊಂಡೆವು’ ಎಂದು ಬರೆದಿದ್ದೆ. ಇವರು ತಿದ್ದಿಸಿದರು: ‘ತೆಗೆದುಕೊಂಡಿಲ್ಲ. ಅಳಿಯನಿಗೆ ನಾನೇ ಕೊಟ್ಟೆ. ಹುಲಿಗಿ ದಾರಿಯಲ್ಲಿ ಒಂದು ದಿನ ಎಲ್ಲಿಗೆ ಹೊರಟಿದ್ದೆ ಎಂಬುದು ತಿಳಿಯಲಿಲ್ಲ. ಗಾಡಿ ನಿಲ್ಲಿಸಿ ಬೇವಿನ ಮರದ ಕೆಳಗೆ ಕೂತೆ. ನೆನಪಾದ ಮೇಲೆ ಮನೆಗೆ ಬಂದು ಕೀಲಿ ಕೊಟ್ಟೆ.’ ಆ ಬೇವಿನ ಮರದ ಸಂಗತಿ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಬಾ ಎನ್ನುತ್ತಾರೆ. ಹೋಗಬೇಕೇ?

ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ. ಹುಟ್ಟಿದ ಓಣಿ ಎಂದರೆ ಕಾಲಿಗೆ ಗೊತ್ತಿರುವ ನಕ್ಷೆ. ಏಳನೇ ಮಹಡಿಯ ಫ್ಲಾಟಿನಲ್ಲಿ ಎಲ್ಲ ಬಾಗಿಲೂ ಒಂದೇ ಬಣ್ಣ. ಹೊಸ ಜಾಗ ಕಲಿಯುವುದೇ ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಮೊದಲ ಹಂತದಲ್ಲಿ ಒಬ್ಬರೇ ಇರುವವರೂ ಇದ್ದಾರೆ: ದಿನಾ ಒಂದು ಫೋನು, ಬೆಳಿಗ್ಗೆ ಹಾಲು ಹಾಕುವವರು ಮುಖ ನೋಡಿ ಹೋಗುವುದು, ವಾರದ ಗುಳಿಗೆ ಡಬ್ಬಿ, ತಿಂಗಳಿಗೊಮ್ಮೆ ಮಕ್ಕಳು ಬರುವುದು, ಇಷ್ಟು ಏರ್ಪಾಡಿರಬೇಕು. ಗುಳಿಗೆ ತಪ್ಪತೊಡಗಿದರೆ, ಊಟ ಬಿಟ್ಟು ಸೊರಗಿದರೆ, ಒಲೆ ಉರಿಯುತ್ತಲೇ ಉಳಿದರೆ, ದಾರಿ ತಪ್ಪಿದರೆ ಆ ಕಾಲ ಮುಗಿಯಿತೆಂದು ತಿಳಿಯಿರಿ. ಕೊನೆಗೆ ಹೋಗಲೇಬೇಕು ಎಂದಾದರೆ ಅವರು ತಾವೇ ಹೊಸ ಮನೆ ರೂಢಿಸಿಕೊಳ್ಳಬಲ್ಲ ಕಾಲದಲ್ಲಿ ಹೋಗಿ, ಹಳೆಯ ಮಂಚ, ದೇವರ ಪಟ ಜೊತೆಗೆ ಒಯ್ಯಿರಿ. ಮೂರು ಮಕ್ಕಳ ಮನೆಗೆ ಮೂರು ಮೂರು ತಿಂಗಳು ಹಂಚಿಕೊಳ್ಳುವ ಪದ್ಧತಿ ಮಾತ್ರ ಈ ಕಾಯಿಲೆಗೆ ಹೊಂದುವುದಿಲ್ಲ.

ಆಸ್ತಿ, ಬ್ಯಾಂಕು, ಸಹಿ?

ಬೇಗ ಮಾಡಬೇಕಾದ ಕೆಲಸ ಇದು, ಎಲ್ಲರೂ ಮುಂದೂಡುವುದೂ ಇದನ್ನೇ. ರೋಗದ ಹೆಸರು ಬಂದಾಕ್ಷಣ ಸಹಿ ಮಾಡುವ ಹಕ್ಕು ಹೋಗುವುದಿಲ್ಲ. ವಿಷಯ ತಿಳಿದು ತೀರ್ಮಾನಿಸುವ ಶಕ್ತಿ ಇರುವವರೆಗೂ ಅವರ ಸಹಿ ಸಹಿಯೇ. ಬ್ಯಾಂಕೊಂದರಲ್ಲಿ ಇವರು ಎದುರಿಗೆ ಕುಳಿತಿರುವಾಗಲೇ ಗುಮಾಸ್ತರು ನನ್ನತ್ತ ತಿರುಗಿ, ‘ಇವರಿಗೆ ಸಹಿ ಮಾಡಲು ಬರುತ್ತದೆಯೇ?’ ಎಂದರು. ಇವರು ಪೆನ್ನು ತೆಗೆದು, ‘ಎಷ್ಟು ಬೇಕು?’ ಎಂದರು.

ಉಯಿಲು, ನಮ್ಮ ಕಡೆ ಮೃತ್ಯುಪತ್ರ ಎನ್ನುತ್ತೇವೆ, ಬರೆಯುವುದಾದರೆ ಈಗಲೇ. ಇಬ್ಬರು ಸಾಕ್ಷಿಗಳು ಬೇಕು, ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಒಳ್ಳೆಯದು. ಅದೇ ದಿನದ ವೈದ್ಯರ ಪ್ರಮಾಣಪತ್ರ ಜೊತೆಗಿದ್ದರೆ ಮುಂದೆ ‘ಅಪ್ಪನಿಗೆ ಆಗ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ’ ಎಂಬ ದಾವೆಗೆ ತಡೆಯಾಗುತ್ತದೆ. ಮುಖತ್ಯಾರ ಪತ್ರದ ಬಗ್ಗೆ ಬಹಳ ಜನ ಮೋಸಹೋಗುತ್ತಾರೆ. ನಮ್ಮ ಕಾನೂನಿನಲ್ಲಿ ಅದನ್ನು ಕೊಟ್ಟವರ ಮನಸ್ಸಿನ ಸ್ಥಿಮಿತ ಹೋದರೆ ಅದೂ ಬಿದ್ದುಹೋಗುತ್ತದೆ, ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಹಾಗಾಗಿ ಖಾತೆಗಳನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡುವುದು, ನಾಮಿನಿ ಹಾಕುವುದು, ಪಹಣಿ ಖಾತೆಗಳನ್ನು ಸರಿಮಾಡಿಕೊಳ್ಳುವುದನ್ನು ಮೊದಲೇ ಮುಗಿಸಿ. ಮಕ್ಕಳಿಗೆ ಆಸ್ತಿಯನ್ನು ದಾನಪತ್ರ ಮಾಡುವುದಾದರೆ ‘ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಹಾಗೆ ಬರೆಸಿದ್ದರೆ, ನೋಡಿಕೊಳ್ಳದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ ಅಡಿಯಲ್ಲಿ ನ್ಯಾಯಮಂಡಳಿಯಿಂದ ಅದನ್ನು ರದ್ದು ಮಾಡಿಸಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮುಂದೆ ಚಿಕಿತ್ಸೆ ಹೇಗಿರಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡುವ ಹಕ್ಕು ಕೊಟ್ಟಿದೆ. ಒಬ್ಬ ವಕೀಲರ ಜೊತೆ ಒಂದು ಗಂಟೆ ಕುಳಿತರೆ ಇದೆಲ್ಲದರ ದಾರಿ ತಿಳಿಯುತ್ತದೆ.

ಮೊಬೈಲಿನಲ್ಲಿ ಹಣ ಕಳಿಸುವ ಆ್ಯಪ್‌ಗೆ ದೊಡ್ಡ ಖಾತೆ ಜೋಡಿಸಬೇಡಿ. ಎರಡು ಮೂರು ಸಾವಿರ ಇರುವ ಬೇರೆ ಖಾತೆ ಸಾಕು. ಆಧಾರ್ ಬೆರಳಚ್ಚನ್ನು ಲಾಕ್ ಮಾಡಿಡಬಹುದು. ಮಾಡಿ.

ನಮಗೂ ಬರುತ್ತದೆಯೇ?

ಮಗಳು ಇದನ್ನು ಕೇಳಿದ್ದು ರಾತ್ರಿ ಹನ್ನೊಂದಕ್ಕೆ, ಫೋನಿನಲ್ಲಿ, ಬಹಳ ಹೊತ್ತು ಬೇರೆ ಮಾತಾಡಿದ ಮೇಲೆ. ತಂದೆಯಿಂದ ಮಕ್ಕಳಿಗೆ ನೇರವಾಗಿ ಇಳಿದು ಬರುವ ಬಗೆ ಅತಿ ವಿರಳ, ನೂರಕ್ಕೆ ಒಂದಕ್ಕೂ ಕಡಿಮೆ, ಅದು ಸಾಮಾನ್ಯವಾಗಿ ಅರವತ್ತೈದರೊಳಗೇ ಕಾಣಿಸಿಕೊಳ್ಳುತ್ತದೆ. ಉಳಿದವರ ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚು, ಬಂದೇ ತೀರುತ್ತದೆ ಎಂದಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿ, ಎಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ನೂರಕ್ಕೆ ಸುಮಾರು 45 ಭಾಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ತಂಬಾಕು, ಕಿವುಡು, ಕಣ್ಣು, ಒಂಟಿತನ, ತಲೆಗೆ ಪೆಟ್ಟು, ಕಡಿಮೆ ಶಿಕ್ಷಣ ಎಲ್ಲ ಆ ಪಟ್ಟಿಯಲ್ಲಿವೆ. ಮಗಳಿಗೆ ಹೇಳಿದೆ: ಹೆಲ್ಮೆಟ್ ಹಾಕು, ಬಿಪಿ ನೋಡಿಸು, ಈಗ ಮಲಗು.

ಈ ಹಂತ ಎಷ್ಟು ದಿನ?

ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ನಾವು ಎಣಿಸುವುದನ್ನು ಬಿಟ್ಟಿದ್ದೇವೆ.

ನಿಮಗೆ ಸಿಟ್ಟು ಬರುವುದಿಲ್ಲವೇ?

ಬರುತ್ತದೆ. ಒಮ್ಮೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಣಗಿದ ಸೀರೆಯನ್ನೇ ಮತ್ತೆ ಒಗೆದಿದ್ದೇನೆ. ಶನಿವಾರ ಮಧ್ಯಾಹ್ನ ತಂಗಿ ಬಂದು ಇವರ ಜೊತೆ ಕೂರುತ್ತಾಳೆ, ನಾನು ಹೊರಗೆ ಹೋಗುತ್ತೇನೆ. ಮೊದಲ ಹಂತದಲ್ಲೇ ಈ ರೂಢಿ ಮಾಡಿಕೊಳ್ಳಿ. ಆಮೇಲೆ ಯಾರನ್ನೂ ಕೇಳಲು ಬಾಯಿ ಬರುವುದಿಲ್ಲ.

ಜಾತ್ರೆಗೆ ಕರೆದುಕೊಂಡು ಹೋಗಬಹುದೇ?

ಗವಿಮಠದ ಜಾತ್ರೆಯನ್ನು ಇವರು ತಪ್ಪಿಸಿದವರಲ್ಲ. ಈ ಸಲವೂ ಹೋದೆವು, ತೇರಿನ ದಿನದ ನೂಕುನುಗ್ಗಲು ಬಿಟ್ಟು ಎರಡು ದಿನ ಕಳೆದ ಮೇಲೆ, ಬೆಳಿಗ್ಗೆ ಬೇಗ. ಇವರ ಕಿಸೆಯಲ್ಲಿ ಹೆಸರು ಮತ್ತು ನನ್ನ ಫೋನ್ ನಂಬರಿನ ಚೀಟಿ, ಪ್ಲಾಸ್ಟಿಕ್ ಹಾಳೆಯೊಳಗೆ. ಹೊರಡುವ ಮುಂಚೆ ಇಬ್ಬರದೂ ಒಂದು ಫೋಟೋ ತೆಗೆದುಕೊಂಡೆ: ಕಳೆದುಹೋದರೆ ಅಂದು ಯಾವ ಅಂಗಿ ತೊಟ್ಟಿದ್ದರು ಎಂದು ಪೊಲೀಸರಿಗೆ ತೋರಿಸಲು. ತಪ್ಪಿಸಿಕೊಂಡರೆ ಸೇರುವ ಜಾಗ ಒಂದನ್ನು ಇವರೇ ಹೇಳಿದರು, ನಲವತ್ತು ವರ್ಷದಿಂದ ನಾವು ಚಪ್ಪಲಿ ಬಿಡುವ ಜಾಗ.

ದಾಸೋಹದಲ್ಲಿ ರೊಟ್ಟಿ, ಪಲ್ಯ ಊಟ ಮಾಡಿ ಹೊರಗೆ ಬಂದಾಗ ನನ್ನ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ನನಗೇ ತಿಳಿಯಲಿಲ್ಲ. ಇವರು ಪುಸ್ತಕ ತೆಗೆದು ಷರಾ ಓದಿ ಹೇಳಿದರು.